‘ಮನಸ್ಸು ಮಾಡಿದ್ರೆ ಮಾಡ್ತಾಳೆ’

ಅಕ್ಕನ ಮಗಳು ನಾಲ್ಕನೇ ಕ್ಲಾಸು. ಹೋದ ಶನಿವಾರ ಅವರ ಮಿಸ್ ಡೈರಿಯಲ್ಲಿ ಕೆಂಪು ಪೆನ್ನಲ್ಲಿ ಬರೆದು ಕಳಿಸಿದ್ದಾರೆ: ‘ಗಮನ ಕಡಿಮೆ. ಮನಸ್ಸು ಮಾಡಿದರೆ ಚೆನ್ನಾಗಿ ಓದುತ್ತಾಳೆ.’ ಅಕ್ಕ ಅದರ ಫೋಟೋ ಹೊಡೆದು ಫ್ಯಾಮಿಲಿ ಗ್ರೂಪಿಗೆ ಹಾಕಿ, ‘ನಿನ್ನ ಜೆರಾಕ್ಸ್ ನೋಡು’ ಅಂತ ನನ್ನ ಹೆಸರು ಸೇರಿಸಿದಳು. ಎಲ್ಲರೂ ನಕ್ಕರು. ನಾನೂ ಒಂದು ನಗುವ ಎಮೋಜಿ ಒತ್ತಿ, ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ವಯಸ್ಸು ಮೂವತ್ತಾರು. ನಾಚಿಕೆ ಆಗ್ಬೇಕು ನನಗೆ.

ಐದನೇ ಕ್ಲಾಸಿಂದ ಎಸ್ಸೆಸ್ಸೆಲ್ಸಿವರೆಗೆ ಈ ಒಂದು ವಾಕ್ಯ ನನ್ನ ಬೆನ್ನು ಬಿಡಲಿಲ್ಲ. ಎಂಟನೇ ಕ್ಲಾಸಲ್ಲಿ ಸಮಾಜದ ಮೇಷ್ಟ್ರು ಅಪ್ಪನ ಎದುರಿಗೇ ಅಂದಿದ್ದರು, ‘ತಲೆ ಐತ್ರೀ ಈ ಹುಡ್ಗಿಗೆ, ಮನಸ್ಸಿಲ್ಲ ಅಷ್ಟೆ.’ ಪಾಪ, ಹೊಗಳಿದೆ ಅಂತಲೇ ಅವರು ಅಂದುಕೊಂಡಿದ್ದು. ದಡ್ಡಿ ಅಂದಿದ್ದರೆ ಒಂದು ರಾತ್ರಿ ಅತ್ತು ಸುಮ್ಮನಾಗ್ತಿದ್ದೆ. ದಡ್ಡರಿಗೆ ನಮ್ಮ ಶಾಲೆಗಳಲ್ಲಿ ಮಾಫಿ ಇದೆ. ತಲೆ ಇದ್ದೂ ಮನಸ್ಸು ಮಾಡದವಳಿಗೆ ಇಲ್ಲ, ಅವಳದು ಕೊಬ್ಬು.

ಮನಸ್ಸು ಮಾಡಿರಲಿಲ್ವಾ ನಾನು? ಪ್ರತಿ ಜೂನ್‌ನಲ್ಲಿ ದುಗ್ಗಮ್ಮನ ಗುಡಿಗೆ ಹೋಗಿ ‘ಈ ವರ್ಷ ಪಕ್ಕಾ’ ಅಂತ ಆಣೆ ಮಾಡಿ ಬರ್ತಿದ್ದೆ. ಸಾಯಂಕಾಲ ಪುಸ್ತಕ ತೆಗೆದರೆ ‘1779ರಲ್ಲಿ ಹೈದರಾಲಿ ಚಿತ್ರದುರ್ಗದ ಕೋಟೆಯನ್ನು ಗೆದ್ದನು’ ಅಂತ ಮೊದಲ ಸಾಲು. ಅಲ್ಲಿಂದ ಓಬವ್ವನ ಕಿಂಡಿ. ಅಷ್ಟು ಸಣ್ಣ ಕಿಂಡಿಯಲ್ಲಿ ದಪ್ಪ ಸಿಪಾಯಿ ಬಂದಿದ್ದರೆ? ಹೊಟ್ಟೆ ಸಿಕ್ಕಿಹಾಕಿಕೊಳ್ತಿತ್ತಲ್ಲ? ಓಬವ್ವನ ಗಂಡನ ಊಟ ಅರ್ಧಕ್ಕೇ ನಿಂತಿತಾ? ಏನು ಸಾರು ಮಾಡಿದ್ದಳು ಅವತ್ತು? ಅಷ್ಟರಲ್ಲಿ ಅಮ್ಮ ಊಟಕ್ಕೆ ಕರೀತಿದ್ದಳು. ಎರಡು ತಾಸು ಆಗಿರ್ತಿತ್ತು. ಪುಸ್ತಕ ಅದೇ ಪುಟದಲ್ಲಿ.

ಒಂದು ವರ್ಷ ಆಗಸ್ಟ್ ಬರೋದರೊಳಗೆ ಮೂರು ಕಂಪಾಸ್ ಬಾಕ್ಸ್ ಕಳೆದಿದ್ದೆ. ಅಪ್ಪ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿಯಲ್ಲಿ ರೈಟರ್, ಸಂಬಳ ಎಷ್ಟು ಅಂತ ನನಗೂ ಗೊತ್ತಿತ್ತು. ನಾಲ್ಕನೆಯದು ತಂದ ರಾತ್ರಿ ಬೈಯಲಿಲ್ಲ. ಅಂಗಡಿಯಿಂದ ಚೀಲ ಹೊಲಿಯೋ ದಬ್ಬಣ, ಹುರಿ ತಂದಿದ್ದ. ಡಬ್ಬಿಯ ಮೂಲೆಗೆ ಮೊಳೆಯಿಂದ ತೂತು ಹೊಡೆದು, ಹುರಿ ಪೋಣಿಸಿ, ಅದರ ಇನ್ನೊಂದು ತುದಿಯನ್ನ ಬ್ಯಾಗಿನ ಒಳಗಡೆ ಅಂಚಿಗೆ ನಾಲ್ಕು ಹೊಲಿಗೆ ಹಾಕಿ ಬಿಗಿದ. ಹುರಿ ಬೆಂಚಿನ ಮೇಲೆ ಇಟ್ಟುಕೊಳ್ಳುವಷ್ಟು ಉದ್ದ ಇದೆಯಾ ಅಂತ ನನ್ನ ಕೂರಿಸಿ ಅಳತೆ ನೋಡಿದ. ಮಾರನೇ ದಿನ ಕ್ಲಾಸಲ್ಲಿ ಹುಡುಗೀರು ‘ಎಮ್ಮೆ ಕಟ್ಟಿಹಾಕಿದಂಗೆ ಕಟ್ಟಿದಾರೆ’ ಅಂತ ನಕ್ಕರು. ನಾನು ಹನ್ನೊಂದು ದಿನ ತಡ್ಕೊಂಡು, ಹನ್ನೆರಡನೇ ದಿನ ಬ್ಲೇಡಿಂದ ಹುರಿ ಕತ್ತರಿಸಿ ಹಾಕಿದೆ. ಅದೇ ವಾರ ಡಬ್ಬಿ ಹೋಯ್ತು.

ನನಗೆ ಎಡಿಎಚ್‌ಡಿ ಇದೆ ಅಂತ ಗೊತ್ತಾದಾಗ 31 ವರ್ಷ. ಗಮನ ಒಂದು ಕಡೆ ನಿಲ್ಲದ, ಮೆದುಳಿನ ಬೆಳವಣಿಗೆಯ ತೊಂದರೆ ಅದು. ನಾನು ಕೆಲಸ ಮಾಡೋದು ಇಲ್ಲೇ ಒಂದು ಟ್ಯಾಕ್ಸ್ ಆಫೀಸಲ್ಲಿ. ಪ್ರತಿ ತಿಂಗಳು 11ಕ್ಕೆ ಒಂದು ಜಿಎಸ್‌ಟಿ ರಿಟರ್ನ್, 20ಕ್ಕೆ ಇನ್ನೊಂದು. ಕೊನೇ ದಿನ ನಾನು ಹುಲಿ, ಮಿಕ್ಕ ದಿನ ಸತ್ತ ಇಲಿ. ಒಂದು ತಿಂಗಳು ಇಬ್ಬರು ಪಾರ್ಟಿಗಳ ಲೆಕ್ಕ ಅದಲುಬದಲು ಮಾಡಿಬಿಟ್ಟೆ. ಖಿನ್ನತೆ ಇರಬೇಕು ಅಂದುಕೊಂಡು ಡಾಕ್ಟರ ಹತ್ತಿರ ಹೋದರೆ ಅವರು ಹಳೇ ಮಾರ್ಕ್ಸ್ ಕಾರ್ಡ್ ತನ್ನಿ, ಅಮ್ಮನ್ನೂ ಕರ್ಕೊಂಡು ಬನ್ನಿ ಅಂದರು. ಥೈರಾಯ್ಡ್, ನಿದ್ದೆ ಎಲ್ಲ ವಿಚಾರಿಸಿದರು. ಇದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗೋದಲ್ಲ. ಹನ್ನೆರಡು ವರ್ಷದೊಳಗೇ ಲಕ್ಷಣ ಇತ್ತಾ, ಮನೆ-ಶಾಲೆ ಎರಡು ಕಡೆಯೂ ಇತ್ತಾ ಅಂತ ನೋಡ್ತಾರೆ. ಕುಣಿದಾಡೋ, ಬೆಂಚ್ ಹತ್ತೋ ಹುಡುಗರು ಬೇಗ ಕಣ್ಣಿಗೆ ಬೀಳ್ತಾರೆ. ಕಿಟಕಿ ಪಕ್ಕ ಸುಮ್ಮನೆ ಕೂತ ಹುಡುಗಿಯನ್ನ ‘ಪಾಪದ ಹುಡುಗಿ’ ಅಂತ ಬಿಟ್ಟುಬಿಡ್ತಾರೆ. ನಾನು ಆ ಪಾಪದ ಹುಡುಗಿ.

‘ಈಗಿನ ಮಕ್ಕಳಿಗೆ ಮೊಬೈಲಿಂದ ಬರೋ ಕಾಯಿಲೆ’ ಅಂತ ಕಾಮೆಂಟ್ ಹಾಕೋಕೆ ಬಂದವರೇ, ಒಂದು ನಿಮಿಷ. ನಾನು ಎಂಟನೇ ಕ್ಲಾಸಲ್ಲಿದ್ದಾಗ ನಮ್ಮನೇಲಿ ಲ್ಯಾಂಡ್‌ಲೈನೂ ಇರಲಿಲ್ಲ. ಲಂಡನ್ನಲ್ಲಿ ಜಾರ್ಜ್ ಸ್ಟಿಲ್ ಅನ್ನೋ ಮಕ್ಕಳ ಡಾಕ್ಟರು ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದು 1902ರಲ್ಲಿ. ಬುದ್ಧಿಗೇನೂ ಕಮ್ಮಿ ಇಲ್ಲದಿದ್ದರೂ ತಮ್ಮನ್ನು ತಾವು ಹಿಡಿತದಲ್ಲಿ ಇಟ್ಟುಕೊಳ್ಳಲು ಆಗದ ಮಕ್ಕಳನ್ನ ಅವರು ನೋಡಿದ್ದರು. ಆದರೆ ಅವರೂ ಅದಕ್ಕೆ ಕೊಟ್ಟ ಹೆಸರು ‘ನೈತಿಕ ನಿಯಂತ್ರಣದ ಕೊರತೆ’. ನೂರಿಪ್ಪತ್ತು ವರ್ಷ ಕಳೆದರೂ ನಮ್ಮ ಡೈರಿಯ ಕೆಂಪು ಪೆನ್ನು ಅಲ್ಲೇ ನಿಂತಿದೆ. ವಿಜ್ಞಾನ ಮುಂದೆ ಹೋಯ್ತು. 2007ರಲ್ಲಿ ಅಮೆರಿಕದ ಸಂಶೋಧಕರು ಮಕ್ಕಳ ಮೆದುಳಿನ ಸ್ಕ್ಯಾನ್ ನೋಡಿ, ಎಡಿಎಚ್‌ಡಿ ಇರುವವರಲ್ಲಿ ಮೆದುಳಿನ ಹೊರಪದರ ಬಲಿಯೋದು ಸರಾಸರಿ ಮೂರು ವರ್ಷ ತಡ ಅಂತ ಕಂಡುಕೊಂಡರು. ಅಂದರೆ, ‘ಮನಸ್ಸು ಮಾಡು’ ಅಂತೀರಲ್ಲ, ಆ ಮನಸ್ಸು ಮಾಡೋ ಜಾಗವೇ ಇನ್ನೂ ಸಿದ್ಧ ಆಗಿರಲ್ಲ. ಕುಂಟುವವನಿಗೆ ‘ಕಾಲಿದೆ, ಓಡೋ ಮನಸ್ಸಿಲ್ಲ’ ಅನ್ನೋ ಧೈರ್ಯ ಯಾರಿಗಾದರೂ ಇದೆಯಾ?

ಮಾತ್ರೆ ತಗೋತೀನಿ. ಮೀಥೈಲ್‌ಫೆನಿಡೇಟ್. ಎಲ್ಲ ಮೆಡಿಕಲ್‌ನಲ್ಲೂ ಸಿಗಲ್ಲ. ಚೀಟಿಯ ಒಂದು ಪ್ರತಿಯನ್ನ ಅವರು ಇಟ್ಕೊಳ್ಳಬೇಕು, ಅಂಥ ಔಷಧಿ. ಮೊದಲ ದಿನ ಮೂರು ಪುಟದ ನೋಟಿಸನ್ನ ಕೂತಲ್ಲೇ ಓದಿ ಮುಗಿಸಿ, ಏನೋ ಕಳಕೊಂಡವಳ ಹಾಗೆ ಸುತ್ತಮುತ್ತ ನೋಡಿದೆ. ಆದರೆ ಬೀಗದ ಕೈ ಎಲ್ಲಿದೆ ಅಂತ ಮಾತ್ರೆ ಹೇಳಲ್ಲ. ಅದಕ್ಕೆ ಬಾಗಿಲ ಹಿಂದೆ ಮೊಳೆ ಇದೆ. ಫೋನಲ್ಲಿ ಒಂಬತ್ತು ಅಲಾರಂ ಇವೆ. ಎಲ್ಲ ಹೊರಗಿನ ಆಸರೆಗಳೇ. ಅಪ್ಪನ ಹುರಿಯೂ ಅದೇ ಅಲ್ವಾ? ಓದಿದವರೆಲ್ಲ ಬುದ್ಧಿವಾದ ಹೇಳ್ತಿದ್ದಾಗ ದಲ್ಲಾಳಿ ಅಂಗಡಿಯ ಗುಮಾಸ್ತನೊಬ್ಬ ಸರಿಯಾದ ಚಿಕಿತ್ಸೆ ಮಾಡಿದ್ದ. ನಾನು ಕತ್ತರಿಸಿ ಹಾಕಿದೆ.

ಡಾಕ್ಟರು ಇನ್ನೊಂದು ಕೇಳಿದ್ದರು, ‘ಮನೇಲಿ ಬೇರೆ ಯಾರಿಗಾದರೂ?’ ಇದು ಬಹುಮಟ್ಟಿಗೆ ವಂಶದಲ್ಲಿ ಬರೋದಂತೆ. ಇಲ್ಲ ಅಂದೆ. ಮನೆಗೆ ಬಂದು ಅಪ್ಪನ ಅಂಗಿ ಒಗೆಯೋಕೆ ಹಾಕುವಾಗ ಜೇಬು ನೋಡಿದೆ. ಬೀಡಿಕಟ್ಟಿನ ಕಾಗದದ ಮೇಲೆ, ಬಸ್ ಟಿಕೆಟ್ ಹಿಂದೆ, ಕ್ಯಾಲೆಂಡರಿನ ಹರಕು ಚೂರಿನ ಮೇಲೆ ಹದಿನಾಲ್ಕು ಚೀಟಿ. ‘ಹಾಲು’. ‘ಗ್ಯಾಸ್ ಬುಕ್’. ‘ಕನ್ನಡಕ ಮೇಜಿನ ಮೇಲೆ’.

ಟೀಚರುಗಳ ಮೇಲೆ ನನಗೆ ಸಿಟ್ಟಿಲ್ಲ. ಅರವತ್ತು ಮಕ್ಕಳು, ಜೊತೆಗೆ ಜನಗಣತಿ, ಚುನಾವಣೆ. ಕಾನೂನಿನದೂ ಅರ್ಧಂಬರ್ಧವೇ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಅನ್ನೋ ಹೆಸರಿಲ್ಲ. ಆದರೆ ಮುಂದಿನ ಬೆಂಚಲ್ಲಿ ಕೂರಿಸೋಕೆ, ಒಂದು ಸಲಕ್ಕೆ ಒಂದೇ ಕೆಲಸ ಹೇಳೋಕೆ, ಹೋಂವರ್ಕ್ ಬರ್ಕೊಂಡಳಾ ಅಂತ ಡೈರಿ ನೋಡೋಕೆ, ಪಾಠದ ಮಧ್ಯೆ ನೋಟ್‌ಬುಕ್ ಹಂಚೋ ನೆಪದಲ್ಲಿ ಎದ್ದು ಓಡಾಡಿಸೋಕೆ ಕಾಯ್ದೆ ಯಾಕೆ ಬೇಕು? ಆ ಕೆಂಪು ಪೆನ್ನಲ್ಲಿ ‘ಒಮ್ಮೆ ಡಾಕ್ಟರಿಗೆ ತೋರಿಸಿ’ ಅಂತ ಬರೆದರೂ ಸಾಕು. ಯಾರ ಹತ್ತಿರ ಹೋಗೋದು ಅಂತ ತಿಳಿಯದ ತಂದೆತಾಯಿ 14416ಕ್ಕೆ ಫೋನ್ ಮಾಡಬಹುದು. ಸರ್ಕಾರದ ಟೆಲಿ ಮಾನಸ್, ಪುಕ್ಕಟೆ, ಕನ್ನಡದಲ್ಲೇ ಮಾತಾಡ್ತಾರೆ.

ಅಕ್ಕನಿಗೆ ಎಲ್ಲ ಹೇಳಿದೆ. ಮುಂದಿನ ವಾರ ಮಗಳನ್ನ ಕರ್ಕೊಂಡು ಹೋಗ್ತಾಳೆ. ಇದ್ದರೂ ಇರಬಹುದು, ಇಲ್ಲದೇನೂ ಇರಬಹುದು.

ಗ್ರೂಪಲ್ಲಿ ಆ ಫೋಟೋಕ್ಕೆ ಅಪ್ಪ ಒಬ್ಬನೇ ಏನೂ ಹಾಕಿರಲಿಲ್ಲ. ನಿನ್ನೆ ರಾತ್ರಿ ಫೋನ್ ಮಾಡಿದ.

‘ಕೂಸು ಏನೇನು ಕಳೀತೈತಂತೆ?’

‘ನೀರಿನ ಬಾಟ್ಲಿ, ರಬ್ಬರು, ಡೈರಿ.’

ಸ್ವಲ್ಪ ಹೊತ್ತು ಮಾತಿಲ್ಲ. ಬರ್ಕೊಳ್ತಿದ್ದ ಅನಿಸುತ್ತೆ.

‘ಬಾಟ್ಲಿಗೆ ಕೊರಳಿಗೆ ಹಾಕೋ ಪಟ್ಟಿ ಸಿಗ್ತತಿ. ರಬ್ಬರು ಹೋದ್ರೆ ಹೋಗ್ಲಿ ಬಿಡು. ಡೈರಿಗೆ ನಾನು ದಬ್ಬಣ ತಗಂಡು ಬರ್ತೀನಿ. ಯಾವ ಬಣ್ಣದ ಹುರಿ ಬೇಕು ಅಂತ ಅದನ್ನೇ ಕೇಳು. ನಿನ್ನ ನಾನು ಕೇಳಿರಲಿಲ್ಲ.’