ಒಂಬತ್ತು ಚೌಕದ ತರಕಾರಿ

ನಿನ್ನೆ ಸಂಜೆ ತರಕಾರಿ ಅಂಗಡಿಯ ಮುಂದೆ ನಿಂತು ಕೈಗಡಿಯಾರದಲ್ಲಿ ಚೌಕ ಎಣಿಸುತ್ತಿದ್ದೆ. ಒಂಬತ್ತು ಇದ್ದವು. ಮನೆಯಿಂದ ಬಂದ ಸಂದೇಶವದು. ನನ್ನ ಹೆಂಡತಿ ಕನ್ನಡದಲ್ಲಿಯೇ ಬರೆಯುತ್ತಾಳೆ. ನನ್ನ ಹೊಸ ವಾಚಿಗೆ ಕನ್ನಡ ಬಾರದು. ಗುರುತು ಸಿಗದ ಪ್ರತಿ ಅಕ್ಷರಕ್ಕೂ ಒಂದು ಖಾಲಿ ಚೌಕ, ಕೊಂಬು, ದೀರ್ಘ, ಸೊನ್ನೆಗಳಿಗೂ ಒತ್ತಕ್ಷರ ಬೆಸೆಯುವ ಗುರುತಿಗೂ ಬೇರೆ ಚೌಕ.

ಈ ಗತಿ ಬಂದದ್ದು ಗುಟ್ಟು ಕಾಯಲು ಹೋಗಿ. ಗೂಗಲ್‌ನ ಕಣ್ಣು ತಪ್ಪಿಸಲೆಂದು ಗೂಗಲ್‌ನದೇ ಪಿಕ್ಸೆಲ್ ಫೋನು ಕೊಂಡು ಅದಕ್ಕೆ ಗೂಗಲ್ ಆ್ಯಪುಗಳಿಲ್ಲದ ಗ್ರ್ಯಾಫೀನ್ ಓಎಸ್ ಹಾಕಿದವನು ನಾನು. ಅಂಥವನು ಅಂಗಡಿಯಲ್ಲಿ ಸಿಗುವ ಮಾಮೂಲಿ ಸ್ಮಾರ್ಟ್ ವಾಚು ಕಟ್ಟುವುದುಂಟೇ? ಗಂಟೆ ಎಷ್ಟೆಂದು ಹೇಳಲು ಅದಕ್ಕೆ ನನ್ನ ತೂಕ, ಹುಟ್ಟಿದ ದಿನ, ಬಂಧುಬಳಗದ ನಂಬರುಗಳೆಲ್ಲ ಬೇಕು.

ಗ್ಯಾಜೆಟ್‌ಬ್ರಿಡ್ಜ್ ಎಂಬ, ವಾಚನ್ನು ಫೋನಿಗೆ ಜೋಡಿಸುವ ಮುಕ್ತ ಆ್ಯಪ್ ಇದೆ. ಅದು ಇಂಟರ್ನೆಟ್ ಅನುಮತಿಯನ್ನೇ ಕೇಳುವುದಿಲ್ಲ. ವಾಚಿನ ಮಾತು ಫೋನಿನಲ್ಲೇ ಉಳಿಯುತ್ತದೆ. ಆದರೆ ಕೆಲವು ಬ್ಯಾಂಡುಗಳನ್ನು ಅದಕ್ಕೆ ಜೋಡಿಸಬೇಕಾದರೆ ಮೊದಲು ಕಂಪನಿಯ ಆ್ಯಪಿನಲ್ಲಿ ಖಾತೆ ತೆರೆದು ಒಂದು ಕೀಲಿ ಪಡೆಯಬೇಕು. ಮಡಿ ಉಡಬೇಕಾದರೆ ಮೊದಲು ಮೈಲಿಗೆಯಾಗಿ ಬಾ ಎಂದಂತೆ! ಪೈನ್‌ಟೈಮ್ ಎಂಬ ವಾಚು ಸುಮಾರು 27 ಡಾಲರಿಗೆ ಸಿಗುತ್ತದೆ, ಜಿಪಿಎಸ್ ಇಲ್ಲ. ಪೆಬಲ್ ಎಂಬ ವಾಚು ಕಂಪನಿ 2016ರಲ್ಲಿ ಬಾಗಿಲು ಹಾಕಿತು. ಅದರ ಆಸ್ತಿ ಫಿಟ್‌ಬಿಟ್‌ಗೆ, ಫಿಟ್‌ಬಿಟ್ ಗೂಗಲ್‌ಗೆ ಸೇರಿತು, 2025ರ ಜನವರಿಯಲ್ಲಿ ಗೂಗಲ್ಲೇ ಪೆಬಲ್ ವಾಚಿನ ಆಕರ ಸಂಕೇತವನ್ನು (ಸೋರ್ಸ್ ಕೋಡ್) ಮುಕ್ತಗೊಳಿಸಿತು. ನಾನು ಯಾರಿಂದ ಓಡಿಬಂದೆನೋ ಅವರೇ ಇಲ್ಲಿಯೂ ಬಾಗಿಲು ತೆರೆದು ನಿಂತಿದ್ದರು. ಬ್ಯಾಂಗಲ್ ಜೆಎಸ್ 2 ಎಂಬ ವಾಚಾದರೆ, ವಾಚಿಗೆ ಓದಲು ಬಾರದ ಪದವನ್ನು ಗ್ಯಾಜೆಟ್‌ಬ್ರಿಡ್ಜ್ ಚಿತ್ರ ಮಾಡಿ ಕಳಿಸಬಲ್ಲದು. ಈ ಸಂಗತಿ ಓದಿದ್ದು ಮೂರು ವಾರ ತಲೆ ಕೆಡಿಸಿಕೊಂಡು ಬೇರೊಂದನ್ನು ಕೊಂಡ ಮೇಲೆ. ಕೊಂಡದ್ದರ ಹೆಸರು ಬೇಡ, ಪಾಪ.

ಫೋನು ಜೇಬಿನಲ್ಲಿಯೇ ಇತ್ತು. ತೆಗೆದು ನೋಡಬಹುದಿತ್ತು. ಆದರೆ ಫೋನು ತೆಗೆಯದಿರಲೆಂದೇ ತಾನೇ ವಾಚು ಕೊಂಡದ್ದು! ಹಟ ಹಿಡಿದು ಬೆರಳು ಮಡಿಸುತ್ತ ಹೋದೆ. ಬದನೆಕಾಯಿ ಎಂಟೇ ಚೌಕ, ಬಿಟ್ಟೆ. ನುಗ್ಗೆಕಾಯಿಗೆ ಹತ್ತು. ಕೊತ್ತಂಬರಿಗೆ ಕೊ ಎರಡು, ತ್ತಂ ನಾಲ್ಕು, ಬ ಒಂದು, ರಿ ಎರಡು: ಒಂಬತ್ತು! ಕುಣಿಯುವಷ್ಟು ಖುಷಿಯಾಯಿತು. ಅಷ್ಟರಲ್ಲಿ ಬೆಂಡೆಕಾಯಿ ಕಣ್ಣಿಗೆ ಬಿತ್ತು. ಅದೂ ಒಂಬತ್ತೇ. ಮೂರನೆಯ ಚೌಕದ ಬಳಿ ಸಣ್ಣದೊಂದು ಸಂದಿತ್ತು, ಪರದೆಯ ದೋಷವಿರಬೇಕೆಂದುಕೊಂಡೆ.

“ಏನು ಕೊಡಲಿ ಸಾರ್?” ಎಂದ ಅಂಗಡಿಯವನು, ಮೂರನೆಯ ಸಲ.

“ಒಂಬತ್ತರದ್ದು” ಎಂದೆ.

“ಒಂಬತ್ತು ರೂಪಾಯಿಗೆ ಏನೂ ಬರುವುದಿಲ್ಲ ಸಾರ್.”

ಎರಡನ್ನೂ ಕೊಂಡೆ.

ದಾರಿಯಲ್ಲಿ ಅಪ್ಪನ ಎಚ್‌ಎಂಟಿ ನೆನಪಾಯಿತು. ನಮ್ಮ ಬೆಂಗಳೂರಿನದೇ ವಾಚು. ಬೆಳಿಗ್ಗೆ ರೇಡಿಯೋದಲ್ಲಿ ಪ್ರದೇಶ ಸಮಾಚಾರ ಶುರುವಾಗುವ ಹೊತ್ತಿಗೆ ಅಪ್ಪ ಅದನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಎಣಿಸಿದಂತೆ ಕೀಲಿ ಕೊಡುತ್ತಿದ್ದರು. ಅವರು ಎಲ್ಲಿ ಹೋದರು, ಎಷ್ಟು ಹೆಜ್ಜೆ ನಡೆದರು ಎಂಬುದು ಆ ವಾಚಿಗೂ ತಿಳಿಯಲಿಲ್ಲ, ಎಷ್ಟೋ ಸಲ ಅಮ್ಮನಿಗೂ.

ಮನೆಯಲ್ಲಿ ಹೆಂಡತಿ ಚೀಲದೊಳಗೆ ಇಣುಕಿ ನೋಡಿದಳು. ಆಮೇಲೆ ಫ್ರಿಜ್ ತೆರೆದು ಸುಮ್ಮನೆ ನಿಂತಳು. ಒಳಗೆ ಎರಡು ಕಟ್ಟು ಕೊತ್ತಂಬರಿ, ಒಂದು ಚೀಲ ಬೆಂಡೆಕಾಯಿ.

“ನಾನು ಕಳಿಸಿದ್ದನ್ನು ಓದಲಿಲ್ಲವೇನ್ರೀ?”

ಕೊನೆಗೂ ಫೋನು ತೆಗೆದೆ. ‘ಏನೂ ತರಬೇಡಿ’ ಎಂದಿತ್ತು.

ಎಣಿಸಿದೆ. ಮೂರು, ಒಂದು ಸಂದು, ಆರು.