ಹತ್ತು ಅಂಕಕ್ಕೆ ಬರೆದ ಆತ್ಮಾವಲೋಕನ

ಹೋದ ತಿಂಗಳು ಮೆಡಿಕಲ್ ವಿದ್ಯಾರ್ಥಿಗಳ ನಲವತ್ತು ಬ್ಲಾಗ್ ಬರಹ ಓದಿದೆ. ವಾರ್ಡಿನಲ್ಲಿ ಆದ ಒಂದು ಅನುಭವವನ್ನು ನೆನೆದು, ಮನಸ್ಸಿಗೆ ಏನನ್ನಿಸಿತು, ಮುಂದೆ ಏನು ಮಾಡ್ತೀರಿ ಅಂತ ಬರೆಯಬೇಕಿತ್ತು. ಮೂವತ್ತಕ್ಕೂ ಜಾಸ್ತಿ ಜನ ಮುಗಿಸಿದ್ದು ಒಂದೇ ಸಾಲಿನಲ್ಲಿ: "ರೋಗಿಯೊಂದಿಗೆ ಸಂವಹನದ ಮಹತ್ವ ಅರಿವಾಯಿತು." ಅರಿವೂ ಇಲ್ಲ, ಏನೂ ಇಲ್ಲ. ಅಂಕ ಬೇಕಿತ್ತು. ತಪ್ಪು ಮಕ್ಕಳದ್ದಲ್ಲ, ಅದಕ್ಕೆ ಹತ್ತು ಅಂಕ ಇಟ್ಟವನು ನಾನೇ.

ತಂತ್ರಜ್ಞಾನ ಕಂಡರೆ ಮುಖ ತಿರುಗಿಸುವವನಲ್ಲ ನಾನು. ಎದೆ ಒತ್ತಿ ಜೀವ ಉಳಿಸೋದನ್ನು ಕಲಿಸುವ ರೆಸಸಿ ಆನ್ ಬೊಂಬೆ 1960ರಲ್ಲೇ ಬಂತು. ಬೊಂಬೆಗೆ ನೋವಾಗಲ್ಲ, ಆದ್ದರಿಂದ ಕೈ ಪಳಗುತ್ತದೆ. ಪ್ರಶ್ನೆ-ಉತ್ತರದ ಚೀಟಿ ತೋರಿಸುವ ಫ್ಲ್ಯಾಶ್‌ಕಾರ್ಡ್ ಆ್ಯಪ್‌ಗಳೂ ಒಳ್ಳೆಯವೇ. ಓದಿದ್ದು ಎಷ್ಟು ಬೇಗ ಮರೆಯುತ್ತೆ ಅಂತ ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ಮನಶ್ಶಾಸ್ತ್ರಜ್ಞ ತನ್ನ ಮೇಲೇ ಪ್ರಯೋಗ ಮಾಡಿ 1885ರಲ್ಲಿ ಬರೆದಿದ್ದ. ಈ ಆ್ಯಪ್‌ಗಳು ಮರೆಯೋ ಹೊತ್ತಿಗೆ ಮತ್ತೆ ಕೇಳುತ್ತವೆ. ಔಷಧಿಯ ಡೋಸ್ ನೆನಪಿಡೋಕೆ ಸಾಕು.

ಆದರೆ ಹೆದರಿಕೆ, ನಾಚಿಕೆ ಇವನ್ನೆಲ್ಲ ಎಲ್ಲಿ ಇಡೋದು? ಕೊಲಂಬಿಯಾ ವಿಶ್ವವಿದ್ಯಾಲಯದ ಡಾಕ್ಟರ್ ರೀಟಾ ಶರಾನ್ ಇದಕ್ಕೆ ಸರಳ ದಾರಿ ಹುಡುಕಿದರು. ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಬರೆಯೋಕಾಗದ್ದನ್ನು ಇನ್ನೊಂದು ಹಾಳೆಯಲ್ಲಿ, ದಿನದ ಮಾತಿನಲ್ಲಿ ಬರೆಯಿರಿ ಅಂದರು. ಬ್ಲಾಗ್ ಅಂದರೆ ನನ್ನ ಪಾಲಿಗೆ ಆ ಇನ್ನೊಂದು ಹಾಳೆ. ಆದ ಅನುಭವವನ್ನು ತಿರುಗಿ ನೋಡೋಕೆ ಗಿಬ್ಸ್ ಅನ್ನೋ ಶಿಕ್ಷಣತಜ್ಞ 1988ರಲ್ಲಿ ಕೊಟ್ಟ ಆರು ಮೆಟ್ಟಿಲುಗಳನ್ನು ನಾವು ಅರ್ಜಿ ಫಾರಂ ಮಾಡಿಬಿಟ್ಟಿದ್ದೇವೆ. ಫಾರಂ ತುಂಬೋದನ್ನು ಈಗ ಎಐ ಇನ್ನೂ ಚೆನ್ನಾಗಿ ಮಾಡುತ್ತೆ, ಅಲ್ವಾ?

ಆ ನಲವತ್ತರಲ್ಲಿ ಒಂದು ಮಾತ್ರ ಬೇರೆ ಇತ್ತು. ಬರೀ ಏಳು ಸಾಲು. ಒಬ್ಬ ಅಜ್ಜಿಗೆ ಡ್ರಿಪ್ ಹಾಕೋಕೆ ಮೂರು ಸಲ ಚುಚ್ಚಿದರೂ ನರ ಸಿಗಲಿಲ್ಲ. ಬರೆದ ಹುಡುಗಿಯ ಕೈ ನಡುಗುತ್ತಿತ್ತು. ಅಜ್ಜಿಯೇ, "ಪರವಾಗಿಲ್ಲ ಮಗಾ, ಇನ್ನೊಂದ್ಸಲ ನೋಡು" ಅಂದರಂತೆ. ಕೊನೆಯ ಸಾಲು: "ಅವರ ಹೆಸರೂ ನಾನು ಕೇಳಿರಲಿಲ್ಲ."

ಶಹಬ್ಬಾಸ್ ಅನ್ನಬೇಕು ಅನ್ನಿಸಿತು, ಅನ್ನಲಿಲ್ಲ. ಒಂದೇ ಪ್ರಶ್ನೆ ಹಾಕಿದೆ: ಎರಡನೇ ಸಲಕ್ಕೇ ಯಾರನ್ನಾದರೂ ಯಾಕೆ ಕರೆಯಲಿಲ್ಲ? ಎರಡು ದಿನ ಉತ್ತರ ಇಲ್ಲ. ಆಮೇಲೆ ಬಂತು. "ಕರೆದರೆ ಬೈತಾರೆ ಸರ್. ಹಿಂದಿನ ವಾರ ನೀವೇ ಬೈದಿದ್ರಿ."

ನನಗೆ ನೆನಪೇ ಇರಲಿಲ್ಲ. ರೌಂಡ್ಸ್ ಹೊತ್ತಿನಲ್ಲಿ ಸುಮ್ನೆ ರೇಗಿರಬೇಕು. ಮುಖ ನೋಡಿ ಆ ಮಾತು ಹೇಳೋ ಧೈರ್ಯ ಯಾವ ವಿದ್ಯಾರ್ಥಿಗೂ ಇರಲ್ಲ, ನನ್ನ ಕಾಲದಲ್ಲಿ ನನಗೂ ಇರಲಿಲ್ಲ.

ಈ ಸಲ ಅಂಕ ತೆಗೆದುಹಾಕಿದ್ದೇನೆ. ರೋಗಿಯ ಹೆಸರು, ಹಾಸಿಗೆ ನಂಬರ್, ತಾರೀಕು ಬರೆಯೋ ಹಾಗಿಲ್ಲ. ಗುಂಪಿನ ಹೊರಗೆ ಯಾರಿಗೂ ಕಾಣಲ್ಲ. ಬರೆಯುವವರು ಅರ್ಧಕ್ಕರ್ಧ ಕಮ್ಮಿ ಆದರು, ಆಗಲಿ. ಮೊದಲ ಬರಹ ನನ್ನದೇ. ಅವತ್ತು ಬೈದದ್ದರ ಬಗ್ಗೆ.