ಎಲ್ಲ ಮುಗಿದ ಮೇಲೆ ನೋಡೋಣ ಎಂದರೆ ಟಿಲ್ ಚಿಕಿತ್ಸೆ ಸಿಗುವುದಿಲ್ಲ

ನಾನು ಡಾಕ್ಟರ್ ಅಲ್ಲ. ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಕ್ಯಾನ್ಸರ್ ವಿಭಾಗದ ಫಾರ್ಮಸಿಸ್ಟ್. ಕನ್ನಡ ಕೂಟದವರು, ಅವರ ಪರಿಚಯದವರು, ಊರಿಂದ ನೆಂಟರ ನೆಂಟರು ಹೀಗೆ ಯಾರಾದರೂ ರಾತ್ರಿ ಹೊತ್ತು ಫೋನ್ ಮಾಡಿ ಕೇಳುವುದು ಇದ್ದೇ ಇದೆ. ಮೆಲನೋಮಾ ಹರಡಿದವರ ಮನೆಯವರು ಈಚೆಗೆ ಹೆಚ್ಚು ಕಡಿಮೆ ಒಂದೇ ಮಾತು ಕೇಳುತ್ತಾರೆ. "ಆ ಸೆಲ್ ಥೆರಪಿ ಬಂದಿದೆಯಂತಲ್ಲ, ಬೇರೆ ಎಲ್ಲ ಮುಗಿದ ಮೇಲೆ ಅದನ್ನೂ ಒಂದು ಕೈ ನೋಡಬಹುದು ಅಲ್ವಾ?"

ಅವರು ಕೇಳುವುದು ಟಿಲ್ ಚಿಕಿತ್ಸೆಯನ್ನು, ಅಂದರೆ ಗೆಡ್ಡೆಯೊಳಗೆ ನುಗ್ಗಿದ ರೋಗಿಯದೇ ರೋಗನಿರೋಧಕ ಕೋಶಗಳನ್ನು ತೆಗೆದು, ಬೆಳೆಸಿ ವಾಪಸ್ ಕೊಡುವುದನ್ನು. ಈ "ಎಲ್ಲ ಮುಗಿದ ಮೇಲೆ" ಎನ್ನುವುದರ ಬಗ್ಗೆಯೇ ನನ್ನ ತಕರಾರು.

ಮೊದಲು ಸ್ವಲ್ಪ ಹಿನ್ನೆಲೆ. ಮೆಲನೋಮಾ ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್. ಬಿಳಿಯರಲ್ಲಿ ಜಾಸ್ತಿ, ನಮ್ಮವರಲ್ಲಿ ಅಪರೂಪ. ಬಂದರೆ ಹೆಚ್ಚಾಗಿ ಅಂಗಾಲಲ್ಲಿ, ಉಗುರಿನ ಕೆಳಗೆ, ಇಲ್ಲವೇ ಬಾಯಿ, ಮೂಗಿನ ಒಳಪದರದಲ್ಲಿ. ಗಾಯಕ ಬಾಬ್ ಮಾರ್ಲಿ 1981ರಲ್ಲಿ, 36ನೇ ವಯಸ್ಸಿಗೇ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನ ಕೆಳಗೆ ಶುರುವಾದ ಮೆಲನೋಮಾದಿಂದ. ಆ ಕಾಲಕ್ಕೆ ಇದು ದೇಹದೊಳಗೆ ಹರಡಿತು ಎಂದರೆ ವರ್ಷ ದಾಟುವವರೇ ಕಡಿಮೆ.

ಅದು ಬದಲಾಗಿದ್ದು 2011ರಲ್ಲಿ ಇಪಿಲಿಮುಮ್ಯಾಬ್, 2014ರಲ್ಲಿ ಪೆಂಬ್ರೊಲಿಜುಮ್ಯಾಬ್ ಮತ್ತು ನಿವೊಲುಮ್ಯಾಬ್ ಬಂದ ಮೇಲೆ. ನಮ್ಮದೇ ರೋಗನಿರೋಧಕ ಕೋಶಗಳಿಗೆ ಕ್ಯಾನ್ಸರ್ ಹಾಕಿದ್ದ ಬ್ರೇಕ್ ತೆಗೆಯುವ ಔಷಧಗಳಿವು, ಇಮ್ಯುನೊಥೆರಪಿ ಎನ್ನುತ್ತಾರೆ. ಜಿಮ್ಮಿ ಕಾರ್ಟರ್ ಅವರಿಗೆ 2015ರಲ್ಲಿ ಮೆಲನೋಮಾ ಮಿದುಳಿಗೂ ಹೋಗಿತ್ತು. ಪೆಂಬ್ರೊಲಿಜುಮ್ಯಾಬ್ ತೆಗೆದುಕೊಂಡರು, ನೂರು ವರ್ಷ ತುಂಬಿಸಿ 2024ರ ಕೊನೆಗೆ ಹೋದರು. ನಿವೊಲುಮ್ಯಾಬ್ ಮತ್ತು ಇಪಿಲಿಮುಮ್ಯಾಬ್ ಜೊತೆಯಾಗಿ ಪಡೆದವರಲ್ಲಿ ಹತ್ತು ವರ್ಷದ ನಂತರವೂ ಶೇ. 43ರಷ್ಟು ಜನ ಬದುಕಿದ್ದರು ಎಂದು 2024ರಲ್ಲಿ ಬಂದ ಫಲಿತಾಂಶ ಹೇಳುತ್ತದೆ. ಆದರೆ ಉಳಿದವರೂ ಇದ್ದಾರೆ. ಔಷಧ ಕೆಲಸ ಮಾಡದವರು, ಮೊದಲು ಮಾಡಿ ಆಮೇಲೆ ಕೈಕೊಟ್ಟವರು. ಟಿಲ್ ಚಿಕಿತ್ಸೆಯ ಪ್ರಶ್ನೆ ಬರುವುದು ಇವರಿಗೇ.

ಕ್ಯಾನ್ಸರ್ ಗೆಡ್ಡೆಯನ್ನು ಕತ್ತರಿಸಿ ನೋಡಿದರೆ ಅದರೊಳಗೆ ಟಿ ಕೋಶ ಎಂಬ ನಮ್ಮದೇ ರೋಗನಿರೋಧಕ ಕೋಶಗಳು ನುಗ್ಗಿರುತ್ತವೆ. ಶತ್ರು ಯಾರೆಂದು ಅವಕ್ಕೆ ಗೊತ್ತು, ಆದರೆ ಸಂಖ್ಯೆ ಸಾಲದು, ಸುಸ್ತೂ ಆಗಿರುತ್ತವೆ. ಅವನ್ನು ಹೊರಗೆ ತೆಗೆದು, ಲ್ಯಾಬ್‌ನಲ್ಲಿ ಕೋಟಿಗಟ್ಟಲೆ ಬೆಳೆಸಿ ವಾಪಸ್ ಕೊಟ್ಟರೆ ಹೇಗೆ? ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನ ಸರ್ಜನ್ ಸ್ಟೀವನ್ ರೋಸನ್‌ಬರ್ಗ್ ಮೆಲನೋಮಾ ರೋಗಿಗಳಲ್ಲಿ ಇದರ ಮೊದಲ ಫಲಿತಾಂಶವನ್ನು 1988ರಲ್ಲೇ ಪ್ರಕಟಿಸಿದ್ದರು. ಔಷಧವಾಗಿ ಅನುಮತಿ ಸಿಕ್ಕಿದ್ದು 2024ರ ಫೆಬ್ರವರಿಯಲ್ಲಿ. ಹೆಸರು ಲಿಫಿಲ್ಯೂಸೆಲ್, ಮಾರುವ ಹೆಸರು ಆಮ್ಟಾಗ್ವಿ. ಗೆಡ್ಡೆ ಕಟ್ಟುವ ಕ್ಯಾನ್ಸರ್‌ಗೆ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಟಿ ಕೋಶ ಚಿಕಿತ್ಸೆ ಇದು. ಹೊಸದು ಹೊಸದು ಎಂದು ಟಿವಿಯವರು ಕೂಗಿದ್ದನ್ನು ಕೇಳಿ ನನಗೆ ನಗು ಬಂದಿತ್ತು. ಮೂವತ್ತೈದು ವರ್ಷದ ಹೊಸದು.

ಈಗ ಇದು ನಡೆಯುವ ಬಗೆ ಕೇಳಿ. "ಎಲ್ಲ ಮುಗಿದ ಮೇಲೆ" ಯಾಕೆ ಆಗುವುದಿಲ್ಲ ಎನ್ನುವುದು ಇದರಲ್ಲೇ ಇದೆ.

ಆಪರೇಷನ್ ಮಾಡಿ ತೆಗೆಯಲು ಆಗುವಂಥ ಒಂದು ಗೆಡ್ಡೆ ಬೇಕು, ಸುಮಾರು ಒಂದೂವರೆ ಸೆಂಟಿಮೀಟರ್ ಆದರೂ. ಚರ್ಮದ ಕೆಳಗೋ, ಕಂಕುಳಿನ ಗ್ರಂಥಿಯಲ್ಲೋ ಇದ್ದರೆ ಸುಲಭ. ತೆಗೆದದ್ದು ಜೀವಂತವಾಗಿಯೇ ಲ್ಯಾಬ್‌ಗೆ ಹೋಗಬೇಕು. ಸರ್ಜನ್ ಅದನ್ನು ತೆಗೆದು ಅಭ್ಯಾಸಬಲದಿಂದ ಫಾರ್ಮಾಲಿನ್ ಡಬ್ಬಿಗೆ ಹಾಕಿದರೆ ಕಥೆ ಮುಗಿಯಿತು, ಅದರಿಂದ ಒಂದು ಕೋಶವೂ ಬೆಳೆಯುವುದಿಲ್ಲ. ಹಾಗಾಗಿ ಯಾವುದೇ ಆಪರೇಷನ್‌ಗೆ ದಿನ ಗೊತ್ತು ಮಾಡುವ ಮುಂಚೆಯೇ ಟಿಲ್ ಮಾಡುವ ಸೆಂಟರ್ ಜೊತೆ ಮಾತಾಡಿರಬೇಕು. ಕೋಶ ಬೆಳೆದು, ಪರೀಕ್ಷೆಯಾಗಿ ಆಸ್ಪತ್ರೆಗೆ ವಾಪಸ್ ಬರಲು ಒಂದು ತಿಂಗಳ ಮೇಲೆ ಬೇಕು. ಅಷ್ಟು ದಿನ ಕ್ಯಾನ್ಸರ್ ಸುಮ್ನೆ ಕೂರುವುದಿಲ್ಲ. ಗೆಡ್ಡೆ ಕೊಟ್ಟೂ ಕೋಶ ಹಾಕಿಸಿಕೊಳ್ಳುವ ದಿನ ತಲುಪದವರು ಇದ್ದಾರೆ.

ಕೋಶ ಬಂದಿದೆ ಎಂದಾದ ಮೇಲೆ ಒಂದು ವಾರ ಕೀಮೋ. ಸೈಕ್ಲೋಫಾಸ್ಫಮೈಡ್ ಎರಡು ದಿನ, ಫ್ಲುಡರಾಬಿನ್ ಐದು ದಿನ. ಇದು ಕ್ಯಾನ್ಸರ್ ಕೊಲ್ಲಲು ಅಂತ ಅಲ್ಲ. ನಾಟಿಗೆ ಮುಂಚೆ ಗದ್ದೆ ಹಸನು ಮಾಡುವ ಹಾಗೆ, ಹೊಸ ಕೋಶಗಳಿಗೆ ಜಾಗ ಮಾಡಲು ಇದ್ದ ಬಿಳಿ ರಕ್ತಕಣಗಳನ್ನೆಲ್ಲ ಬಳಿದು ಹಾಕುವುದು. ಆಮೇಲೆ ಹೆಪ್ಪುಗಟ್ಟಿಸಿ ಕಳಿಸಿದ ಚೀಲಗಳನ್ನು ಕರಗಿಸಿ ಡ್ರಿಪ್‌ನಲ್ಲಿ ಹಾಕುತ್ತಾರೆ. ಕನಿಷ್ಠ 750 ಕೋಟಿ ಕೋಶಗಳು. ಕೋಶ ಕೆಡದಂತೆ ಹಾಕಿರುವ ರಾಸಾಯನಿಕದಿಂದ ರೂಮೆಲ್ಲ ಬೆಳ್ಳುಳ್ಳಿ ವಾಸನೆ ಬರುವುದುಂಟು. ಮನೆಯವರು ಗಾಬರಿಯಾಗುತ್ತಾರೆ, ಗಾಬರಿ ಬೇಡ.

ಕಷ್ಟ ಶುರುವಾಗುವುದು ಅದಾದ ಮೇಲೆ. ಕೋಶಗಳನ್ನು ಹುರಿದುಂಬಿಸಲು ಇಂಟರ್‌ಲ್ಯೂಕಿನ್-2 ಎಂಬ ಔಷಧ, ಆರು ಡೋಸ್‌ವರೆಗೆ. ಹಾಸಿಗೆ ಅಲುಗಾಡುವಷ್ಟು ಚಳಿ ನಡುಕ ಬರಬಹುದು. ಅದಕ್ಕೆಂದೇ ಪೆಥಿಡಿನ್ ಕೈಗೆಟಕುವಲ್ಲಿ ಇಟ್ಟಿರುತ್ತೇವೆ. ಬಿಪಿ ಇಳಿಯುತ್ತದೆ, ಮೈಯಲ್ಲಿ ನೀರು ತುಂಬುತ್ತದೆ, ಕಿಡ್ನಿ ಮುನಿಸಿಕೊಳ್ಳುತ್ತದೆ. ತಡೆಯಲು ಆಗದಿದ್ದರೆ ಮಧ್ಯದಲ್ಲೇ ನಿಲ್ಲಿಸುತ್ತಾರೆ. ಚಿಕಿತ್ಸೆಯಿಂದಲೇ ಸಾವು ಆಗಬಹುದು ಎಂಬ ಎಚ್ಚರಿಕೆ ಔಷಧದ ಚೀಟಿಯ ಮೇಲೆ ಚೌಕಟ್ಟು ಹಾಕಿ ಬರೆದಿದೆ. ಇದಕ್ಕೇ ಹೃದಯ, ಶ್ವಾಸಕೋಶ, ಕಿಡ್ನಿ ಎಲ್ಲ ಮೊದಲೇ ಪರೀಕ್ಷಿಸಿ, ತಡೆಯುವ ಶಕ್ತಿ ಇದ್ದವರಿಗೆ ಮಾತ್ರ ಕೊಡುವುದು. ಮೂರು ನಾಲ್ಕು ಚಿಕಿತ್ಸೆಗಳಲ್ಲಿ ಸೋತು, ತೂಕ ಇಳಿದು, ಹಾಸಿಗೆ ಹಿಡಿದ ಮೇಲೆ "ಈಗ ಸೆಲ್ ಥೆರಪಿ" ಎಂದರೆ ಯಾವ ಡಾಕ್ಟರೂ ಒಪ್ಪುವುದಿಲ್ಲ. ಒಪ್ಪಬಾರದು ಕೂಡ.

ಇಷ್ಟೆಲ್ಲ ಪಟ್ಟು ಸಿಗುವುದೇನು? ಲಿಫಿಲ್ಯೂಸೆಲ್‌ನ ಪರೀಕ್ಷೆಯಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಗೆಡ್ಡೆಗಳು ಗಮನಾರ್ಹವಾಗಿ ಕುಗ್ಗಿದವು. ಐದು ವರ್ಷದ ನಂತರ ಬದುಕಿದ್ದವರು ಐವರಲ್ಲಿ ಒಬ್ಬರ ಹತ್ತಿರ. ಕಡಿಮೆ ಅನ್ನಿಸಬಹುದು. ಆದರೆ ಇವರೆಲ್ಲ ಬೇರೆ ಇಮ್ಯುನೊಥೆರಪಿ ಆಗಲೇ ಕೈಕೊಟ್ಟವರು ಎನ್ನುವುದನ್ನು ಮರೆಯಬಾರದು. ನನಗೆ ಹೆಚ್ಚು ನಂಬಿಕೆ ಹುಟ್ಟಿಸಿದ್ದು ನೆದರ್ಲೆಂಡ್ಸ್ ಮತ್ತು ಡೆನ್ಮಾರ್ಕ್‌ನವರು 2022ರಲ್ಲಿ ಪ್ರಕಟಿಸಿದ ಅಧ್ಯಯನ. 168 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಟಿಲ್, ಇನ್ನೊಂದಕ್ಕೆ ಇಪಿಲಿಮುಮ್ಯಾಬ್ ಕೊಟ್ಟರು. ರೋಗ ಮತ್ತೆ ಬೆಳೆಯದೆ ಇದ್ದ ಅವಧಿ ಟಿಲ್ ಗುಂಪಿನಲ್ಲಿ 7.2 ತಿಂಗಳು, ಇನ್ನೊಂದರಲ್ಲಿ 3.1. ಟಿಲ್ ಪಡೆದವರಲ್ಲಿ ಶೇ. 20ರಷ್ಟು ಜನರ ಗೆಡ್ಡೆಗಳು ಸ್ಕ್ಯಾನ್‌ನಲ್ಲಿ ಪೂರ್ತಿ ಮಾಯವಾಗಿದ್ದವು. ಇನ್ನೊಂದು ಮುಖವೂ ಅದೇ ವರದಿಯಲ್ಲಿದೆ. ಟಿಲ್ ಪಡೆದ ಪ್ರತಿಯೊಬ್ಬರಿಗೂ ತೀವ್ರ ಅಡ್ಡಪರಿಣಾಮ ಆಗಿತ್ತು. ಒಬ್ಬರೂ ಬಿಟ್ಟಿಲ್ಲ.

ಅಲ್ಲಿ ಕೋಶ ಬೆಳೆಸಿದ್ದು ಆಸ್ಪತ್ರೆಗಳದ್ದೇ ಲ್ಯಾಬ್‌ಗಳು. ಅಮೆರಿಕದಲ್ಲಿ 2024ರಲ್ಲಿ ಔಷಧ ಬಂದಾಗ ಕಂಪನಿ ಇಟ್ಟಿದ್ದ ಬೆಲೆ 5,15,000 ಡಾಲರ್. ನಾಲ್ಕು ಕೋಟಿ ರೂಪಾಯಿಗೂ ಜಾಸ್ತಿ, ಅದೂ ಬರೀ ಕೋಶಕ್ಕೆ. ಆಪರೇಷನ್, ವಾರಗಟ್ಟಲೆ ವಾರ್ಡು, ಐಸಿಯು ಬೇರೆ. ಇನ್ಶೂರೆನ್ಸ್‌ನವರ ಒಪ್ಪಿಗೆಗೂ ವಾರಗಳು ಹೋಗುತ್ತವೆ. ಬೇಗ ಕೇಳಿ ಎನ್ನಲು ಇದೂ ಒಂದು ಕಾರಣ.

ಹಾಗಾದರೆ ಯಾವಾಗ ಕೇಳಬೇಕು? ಮೊದಲ ಇಮ್ಯುನೊಥೆರಪಿ ಶುರುವಾದ ಮೇಲೆ ಸ್ಕ್ಯಾನ್ ಕೆಟ್ಟದಾಗಿ ಬಂದ ದಿನವೇ. ಬಿಆರ್‌ಎಎಫ್ ಜೀನ್ ಬದಲಾವಣೆ ಇದ್ದವರಿಗೆ ಮಾತ್ರೆಯ ಚಿಕಿತ್ಸೆ ಇದೆ, ಅದನ್ನು ಮೊದಲು ಕೊಡಬಹುದು. ಆದರೆ ಅದು ನಡೆಯುತ್ತಿರುವಾಗಲೇ ಟಿಲ್ ಸೆಂಟರ್‌ಗೆ ಒಂದು ಸಲ ಹೋಗಿ ಬರುವುದರಲ್ಲಿ ನಷ್ಟವೇನೂ ಇಲ್ಲ. ಬೇಡ ಎಂದು ನಿರ್ಧರಿಸಿದರೂ ಸರಿ.

ಬೇಡ ಎಂದು ನಿರ್ಧರಿಸಬೇಕಾದದ್ದು ಯಾರು ಎನ್ನುವುದಕ್ಕೆ ಬರುತ್ತೇನೆ. ನಮ್ಮ ಮನೆಗಳಲ್ಲಿ ಒಂದು ಪದ್ಧತಿ ಇದೆ. "ಅಪ್ಪನಿಗೆ ಪೂರ್ತಿ ಹೇಳಿಲ್ಲ, ನೀವೂ ಹೇಳಬೇಡಿ." ಪ್ರೀತಿಯಿಂದಲೇ ಹೇಳುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಮೂರರಲ್ಲಿ ಒಂದರ ಅವಕಾಶಕ್ಕಾಗಿ ಮೂರು ವಾರ ಆ ನಡುಕ, ಜ್ವರ ಪಡಬೇಕೋ, ಇಲ್ಲ ಮೊಮ್ಮಕ್ಕಳ ಜೊತೆ ಮನೆಯಲ್ಲಿ ಇರಬೇಕೋ ಎನ್ನುವುದನ್ನು ಮಗ ಸೊಸೆ ಕಾರಿಡಾರ್‌ನಲ್ಲಿ ನಿಂತು ತೀರ್ಮಾನಿಸುವುದು ನನಗೆ ಒಪ್ಪಿಗೆಯಿಲ್ಲ. ಒಬ್ಬ ಹಿರಿಯರು ಎಲ್ಲ ಕೇಳಿಸಿಕೊಂಡು, "ಆಗಲಿ ಮಾಡಿ, ನನಗೇನು ಭಯ" ಎಂದರು. ಮಕ್ಕಳು ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಅವರಿಂದ ಮುಚ್ಚಿಟ್ಟಿದ್ದರು.

ಊರಿಂದ ಕೇಳುವವರಿಗೂ ಎರಡು ಮಾತು. ಭಾರತದಲ್ಲಿ ಕಾರ್-ಟಿ, ಅಂದರೆ ರೋಗಿಯ ಟಿ ಕೋಶಗಳನ್ನು ಲ್ಯಾಬ್‌ನಲ್ಲಿ ಮಾರ್ಪಡಿಸಿ ವಾಪಸ್ ಕೊಡುವ ಚಿಕಿತ್ಸೆ, ಬಂದಿದೆ, ನಿಜ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನವರ ನೆಕ್ಸ್‌ಕಾರ್19ಗೆ 2023ರಲ್ಲಿ ಅನುಮತಿ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಕೂಡ ಒಂದನ್ನು ತಂದಿದೆ. ಹೆಮ್ಮೆಯ ವಿಷಯವೇ. ಆದರೆ ಅವು ಕೆಲವು ಬಗೆಯ ರಕ್ತದ ಕ್ಯಾನ್ಸರ್‌ಗೆ, ಮೆಲನೋಮಾಕ್ಕಲ್ಲ. ಆ ಬಗೆಯ ರಕ್ತದ ಕ್ಯಾನ್ಸರ್‌ನಲ್ಲಿ ಗುರಿ ಇಡಲು ಕೋಶದ ಮೇಲಿರುವ ಸಿಡಿ19 ಎಂಬ ಒಂದೇ ಗುರುತು ಸಾಕಾಗುತ್ತದೆ. ಮೆಲನೋಮಾದ ಒಂದು ಗುರುತಿಗೆ ಹೀಗೇ ಕೋಶ ತಯಾರಿಸಿ ಕೊಟ್ಟು ನೋಡಿದಾಗ ಅವು ರೋಗಿಗಳ ಚರ್ಮ, ಕಣ್ಣು, ಕಿವಿಯಲ್ಲಿದ್ದ ಒಳ್ಳೆಯ ಬಣ್ಣದ ಕೋಶಗಳ ಮೇಲೂ ಬಿದ್ದವು.

ಈ ಗೊಂದಲದಲ್ಲೇ "ಇಮ್ಯೂನ್ ಸೆಲ್ ಇಂಜೆಕ್ಷನ್, ಎಲ್ಲ ಕ್ಯಾನ್ಸರ್‌ಗೂ ಆಗುತ್ತೆ, ಅಡ್ಡಪರಿಣಾಮ ಇಲ್ಲ" ಎಂದು ಲಕ್ಷಗಟ್ಟಲೆ ಕೇಳುವವರು ಹುಟ್ಟಿಕೊಂಡಿದ್ದಾರೆ. ಅಂಥವರನ್ನು ಮೊದಲು ಕೇಳಿ, ಈ ಕ್ಯಾನ್ಸರ್‌ಗೆ ಇದಕ್ಕೆ ಅನುಮತಿ ಇದೆಯಾ? ಇಲ್ಲ, ಪ್ರಯೋಗದಲ್ಲಿದೆ ಎಂದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೊಡಿ ಎನ್ನಿ. ದೇಶದಲ್ಲಿ ನಡೆಯುವ ಔಷಧ ಪ್ರಯೋಗಗಳು ಆ ಸರ್ಕಾರಿ ಪಟ್ಟಿಯಲ್ಲಿ ಇರಲೇಬೇಕು, ಮೊಬೈಲ್‌ನಲ್ಲೇ ಹುಡುಕಬಹುದು. ಸಂಖ್ಯೆ ಕೊಡದೆ ಮೊದಲು ಅಡ್ವಾನ್ಸ್ ಕಟ್ಟಿ ಎಂದರೆ ಫೈಲ್ ವಾಪಸ್ ತೆಗೆದುಕೊಂಡು ಎದ್ದು ಬನ್ನಿ.